ಲಿಂಬೆಹಣ್ಣಿನ ಪಂದ್ಯ ಮತ್ತು ಗಾಲ್ಫ್ ಅಂಗಳ

ನಾಗರಪಂಚಮಿಯ ದಿನ ಹೆಣ್ಣುಮಕ್ಕಳು ಬೇವಿನ ಮರದ ಜೋಕಾಲಿ ಜೀಕುತ್ತಿರುವಾಗ ಯಲಬುರ್ಗಾ, ಕುಷ್ಟಗಿ ಸೀಮೆಯ ಹಳ್ಳಿಗಳಲ್ಲಿ ಗಂಡುಹುಡುಗರ ಗುಂಪೊಂದು ಊರ ಹೊರಗಿನ ರಸ್ತೆ ಹಿಡಿದಿರುತ್ತದೆ. ಮುಂದೆ ನಡೆಯುವವನ ಕೈಯಲ್ಲಿ ಲಿಂಬೆಹಣ್ಣು. ಊರ ಅಗಸಿಯಿಂದ ಆಚೆ ಊರಿನ ಹನುಮಪ್ಪನ ಗುಡಿಯವರೆಗೆ ಇಂತಿಷ್ಟೇ ಎಸೆತಗಳಲ್ಲಿ ಹಣ್ಣು ಮುಟ್ಟಿಸಬೇಕು ಎಂಬುದು ಪಂದ್ಯ. ಹಣ್ಣು ಬಿದ್ದಲ್ಲಿಂದಲೇ ಮುಂದಿನ ಎಸೆತ. ಎರೆಹೊಲದ ಕೆಸರಿನಲ್ಲಿ ಬಿದ್ದರೂ ಅಷ್ಟೇ, ಜಾಲಿಯ ಕಂಟಿಯಲ್ಲಿ ಸಿಕ್ಕರೂ ಅಷ್ಟೇ. ಗಂಗಾವತಿಯ ಕಡೆ ಅದೇ ಹೊತ್ತಿಗೆ ಗದ್ದೆಗಳಲ್ಲಿ ನೀರು ನಿಂತು ಭತ್ತದ ನಾಟಿ ನಡೆದಿರುವುದರಿಂದ ಅಲ್ಲಿ ರಸ್ತೆ ಬಿಟ್ಟು ಎಸೆದವನ ಗತಿ ಹೇಳುವಂತಿಲ್ಲ.

ಗಾಲ್ಫ್ ಎಂದರೇನು ಎಂದು ಕೇಳುವ ವಿದ್ಯಾರ್ಥಿಗೆ ಇದಕ್ಕಿಂತ ಸುಲಭದ ವಿವರಣೆ ಸಿಗಲಾರದು. ಕೈಗೆ ಬದಲು ಕೋಲು, ಹಣ್ಣಿಗೆ ಬದಲು ಚೆಂಡು, ಹನುಮಪ್ಪನ ಗುಡಿಗೆ ಬದಲು ನೆಲದಲ್ಲಿ 108 ಮಿಲಿಮೀಟರ್ ಅಗಲದ ಒಂದು ಕುಳಿ. ಚೆಂಡು ಬಿದ್ದಲ್ಲಿಂದಲೇ ಹೊಡೆಯಬೇಕೆಂಬ ನಿಯಮ ಅಲ್ಲಿಯೂ ಇದೆ. ಇಂತಹ 18 ಕುಳಿಗಳನ್ನು ಮುಗಿಸಿದರೆ ಒಂದು ಸುತ್ತು. ನುರಿತ ಆಟಗಾರನಿಗೆ ಒಂದೊಂದು ಕುಳಿಗೆ ಎಷ್ಟು ಹೊಡೆತ ಸಾಕು ಎಂದು ಮೊದಲೇ ಗೊತ್ತುಮಾಡಿರುತ್ತಾರೆ. ಅದಕ್ಕೆ ‘ಪಾರ್’ ಎಂದು ಹೆಸರು. ದೂರಕ್ಕೆ ತಕ್ಕಂತೆ ಮೂರು, ನಾಲ್ಕು ಅಥವಾ ಐದು. ಎಲ್ಲ ಕುಳಿಗಳದ್ದು ಸೇರಿ ದೊಡ್ಡ ಅಂಗಳಗಳಲ್ಲಿ ಸಾಮಾನ್ಯವಾಗಿ 72. ಪಾರ್‌ಗಿಂತ ಒಂದು ಕಡಿಮೆಯಲ್ಲಿ ಮುಗಿಸಿದರೆ ‘ಬರ್ಡಿ’, ಒಂದು ಹೆಚ್ಚಾದರೆ ‘ಬೋಗಿ’. ಕಡಿಮೆ ಹೊಡೆದವನೇ ಗೆದ್ದವನು.

ಈ ಅಂಗಳ ಕಣ್ಣಾರೆ ನೋಡಬೇಕೆನ್ನುವವರು ರಾತ್ರಿ ಕೊಪ್ಪಳದಲ್ಲಿ ಹಂಪಿ ಎಕ್ಸ್‌ಪ್ರೆಸ್ ಹತ್ತಿದರೆ ಬೆಳಿಗ್ಗೆ ಬೆಂಗಳೂರು. ಮೆಜೆಸ್ಟಿಕ್‌ನಿಂದ ಬಹಳ ದೂರವಿಲ್ಲದ ಸ್ಯಾಂಕಿ ರಸ್ತೆಯ ಬದಿಯಲ್ಲಿ, ಎತ್ತರದ ಬಲೆಗಳ ಹಿಂದೆ, ಬೆಂಗಳೂರು ಗಾಲ್ಫ್ ಕ್ಲಬ್ ಇದೆ. ಸ್ಥಾಪನೆ 1876. ಬ್ರಿಟನ್ನಿನ ಹೊರಗೆ ಮೊದಲು ಹುಟ್ಟಿದ ಕಲ್ಕತ್ತೆಯ ಕ್ಲಬ್ಬು 1829ರದು ಎಂದರೆ ಬೆಂಗಳೂರಿನದು ಎಷ್ಟು ಹಳೆಯದು ಎಂಬುದು ತಿಳಿಯುತ್ತದೆ. ಬಲೆ ಕಟ್ಟಿರುವುದು ಒಳಗಿನವರನ್ನು ಮರೆಮಾಡಲು ಅಲ್ಲ, ಹೊರಗೆ ಹೋಗುವವರ ತಲೆ ಉಳಿಸಲು.

ನಗರದ ಪೂರ್ವಕ್ಕೆ ದೊಮ್ಮಲೂರಿನ ಬಳಿ ಇರುವುದು ಕರ್ನಾಟಕ ಗಾಲ್ಫ್ ಅಸೋಸಿಯೇಷನ್‌ನ ಅಂಗಳ. 2012ರಲ್ಲಿ ಇಂಡಿಯನ್ ಓಪನ್ ನಡೆದದ್ದು ಇಲ್ಲಿ. ಅದಿತಿ ಅಶೋಕ್ ಎಳೆಯ ವಯಸ್ಸಿನಲ್ಲಿ ಕೋಲು ಹಿಡಿದದ್ದೂ ಇಲ್ಲಿಯೇ. 18ರ ವಯಸ್ಸಿಗೆ 2016ರ ರಿಯೊ ಒಲಿಂಪಿಕ್ಸ್‌ಗೆ ಹೋದ ಆಕೆ, 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ನಾಲ್ಕನೆಯವಳಾದಳು. ನಾಲ್ಕು ದಿನ, 72 ಕುಳಿಗಳ ಆಟ ಮುಗಿದಾಗ ಕಂಚಿನ ಪದಕಕ್ಕೂ ಆಕೆಗೂ ಇದ್ದ ಅಂತರ ಒಂದೇ ಹೊಡೆತ! ಇನ್ನು ಬಿಡದಿಯ ಈಗಲ್ಟನ್ ಅಂಗಳದ ಪಕ್ಕದ ಹಳ್ಳಿಯ ಹುಡುಗ ಚಿಕ್ಕರಂಗಪ್ಪ ಅಲ್ಲಿ ಚೆಂಡು ಆರಿಸಿಕೊಡುವ ಕೆಲಸದಿಂದ ಆರಂಭಿಸಿ ವೃತ್ತಿಪರ ಆಟಗಾರನಾದವರು. ಇದು ಶ್ರೀಮಂತರ ಆಟ ಎಂಬ ಮಾತು ಬಹುಮಟ್ಟಿಗೆ ನಿಜವೇ. ಆದರೂ ಗೋಡೆಯಲ್ಲಿ ಅಲ್ಲಲ್ಲಿ ಬಾಗಿಲುಗಳಿವೆ.

ದೊಮ್ಮಲೂರಿನ ಹಸಿರನ್ನು ಮೆಚ್ಚುವ ಮೊದಲು ಒಂದು ಸಂಗತಿ ತಿಳಿದಿರಬೇಕು. ಅದು ಹಿಂದೆ ಚಲ್ಲಘಟ್ಟ ಕೆರೆಯ ಅಂಗಳ. ಮಳೆಯನ್ನೇ ನಂಬಿದ ಕುಷ್ಟಗಿ, ಯಲಬುರ್ಗಾದ ಜನರಿಗೆ ಕೆರೆಯ ಬೆಲೆ ಹೇಳಿಕೊಡಬೇಕಾಗಿಲ್ಲ. ಹುಲ್ಲು ವರ್ಷವಿಡೀ ಹಸಿರಾಗಿರಬೇಕಾದರೆ ನೀರು ಎಲ್ಲಿಂದ ಎಂಬ ಪ್ರಶ್ನೆ ಜಗತ್ತಿನ ಎಲ್ಲ ಗಾಲ್ಫ್ ಅಂಗಳಗಳಿಗೂ ಇದ್ದದ್ದೇ. ಒಣನಾಡುಗಳಲ್ಲಿ ಕೆಲವರು ಹುಲ್ಲಿನ ಗೊಡವೆಯನ್ನೇ ಬಿಟ್ಟು, ಕುಳಿಯ ಸುತ್ತ ಎಣ್ಣೆ ಬೆರೆಸಿದ ಮರಳನ್ನು ಹಾಸಿ ಸಮಮಾಡಿ ಆಡುತ್ತಾರೆ. ಹುಲ್ಲಿನದು ‘ಗ್ರೀನ್’ ಆದರೆ ಇದು ‘ಬ್ರೌನ್’. ನಮ್ಮ ಮಸಾರಿ ನೆಲಕ್ಕೆ ಒಪ್ಪುವುದಾದರೆ ಅದೇ ಒಪ್ಪೀತು.

ಅಂಗಳದಲ್ಲಿ ಒಂದು ಚೆಂಡು ಕೈಗೆ ಸಿಕ್ಕರೆ ಮಕ್ಕಳು ಅದನ್ನು ತಿರುಗಿಸಿ ನೋಡಬೇಕು. ತೂಕ 46 ಗ್ರಾಂ ಮೀರುವಂತಿಲ್ಲ, ವ್ಯಾಸ ಸುಮಾರು 43 ಮಿಲಿಮೀಟರಿಗೆ ಕಡಿಮೆ ಇರುವಂತಿಲ್ಲ. ಮೈಮೇಲೆ ಮುನ್ನೂರಕ್ಕೂ ಹೆಚ್ಚು ಸಣ್ಣ ಗುಳಿಗಳು. ನುಣುಪಾದ ಚೆಂಡು ಹೆಚ್ಚು ದೂರ ಹೋದೀತೆಂದು ಯಾರಿಗಾದರೂ ಅನ್ನಿಸುತ್ತದೆ. ನಡೆಯುವುದು ತಿರುಗುಮುರುಗು. ನುಣುಪು ಚೆಂಡಿನ ಮೈಗೆ ಅಂಟಿ ಹರಿಯುವ ಗಾಳಿ ಬೇಗನೆ ಬಿಟ್ಟುಹೋಗಿ, ಚೆಂಡಿನ ಹಿಂದೆ ಕಡಿಮೆ ಒತ್ತಡದ ಅಗಲವಾದ ಜಾಗ ಉಂಟಾಗುತ್ತದೆ. ಅದು ಚೆಂಡನ್ನು ಹಿಂದಕ್ಕೆ ಜಗ್ಗುತ್ತದೆ. ಗುಳಿಗಳು ಮೈಗಂಟಿದ ಗಾಳಿಯನ್ನು ಕದಡುತ್ತವೆ. ಕದಡಿದ ಗಾಳಿ ಇನ್ನಷ್ಟು ದೂರ ಚೆಂಡನ್ನು ಅಪ್ಪಿಕೊಂಡು ಹೋಗುವುದರಿಂದ ಹಿಂದಿನ ಜಗ್ಗಾಟ ಕಡಿಮೆ. ಗುಳಿಯ ಚೆಂಡು ನುಣುಪಿನದಕ್ಕಿಂತ ಹೆಚ್ಚು ಕಡಿಮೆ ಎರಡರಷ್ಟು ದೂರ ಹೋಗುತ್ತದೆ.

ಹಂಪಿ ಎಕ್ಸ್‌ಪ್ರೆಸ್ಸಿನಲ್ಲಿಯೇ ಮುಂದುವರಿದರೆ ಮೈಸೂರು. ಅಲ್ಲಿ ಚಾಮುಂಡಿಬೆಟ್ಟದ ಬುಡದಲ್ಲಿ, ರೇಸ್‌ಕೋರ್ಸಿನ ಒಳಭಾಗದಲ್ಲಿ, ಜಯಚಾಮರಾಜ ಒಡೆಯರ್ ಹೆಸರಿನ ಗಾಲ್ಫ್ ಕ್ಲಬ್ ಇದೆ. ಸುತ್ತ ಕುದುರೆ ಓಡುವ ದಾರಿ, ನಡುವೆ ಚೆಂಡು ಹೊಡೆಯುವ ಹುಲ್ಲು, ಮೇಲೆ ಬೆಟ್ಟ. ನೋಡಲು ಚೆಂದವೆಂದರೆ ಇದೇ. ಇವೆಲ್ಲ ಸದಸ್ಯರ ಕ್ಲಬ್ಬುಗಳು. ಮಕ್ಕಳನ್ನು ಕರೆದೊಯ್ಯುವ ಪಾಲಕರು ಮೊದಲೇ ಕಚೇರಿಯಲ್ಲಿ ವಿಚಾರಿಸಿ ಅನುಮತಿ ಪಡೆಯುವುದು ಒಳ್ಳೆಯದು.

ರೇಸ್‌ಕೋರ್ಸ್ ಎಂದಮೇಲೆ ಬಾಜಿಯ ಮಾತು ಬಂದೇ ಬರುತ್ತದೆ. ಗಾಲ್ಫ್‌ನಲ್ಲಿಯೂ ಬಾಜಿ ಹಳೆಯದೇ. ಗೆಳೆಯರು ತಮ್ಮೊಳಗೆ ಕಟ್ಟುವುದರಲ್ಲಿ ಪ್ರಸಿದ್ಧವಾದದ್ದು ‘ನಸಾವ್’: ಮೊದಲ ಒಂಬತ್ತು ಕುಳಿಗಳಿಗೆ ಒಂದು ಬಾಜಿ, ನಂತರದ ಒಂಬತ್ತಕ್ಕೆ ಒಂದು, ಇಡೀ ಸುತ್ತಿಗೆ ಇನ್ನೊಂದು. ಆಟದಲ್ಲಿ ಬಲಾಬಲ ಸರಿಹೊಂದಿಸುವ ‘ಹ್ಯಾಂಡಿಕ್ಯಾಪ್’ ಎಂಬ ಏರ್ಪಾಟೂ ಉಂಟು. 18 ಹೊಡೆತಗಳ ರಿಯಾಯಿತಿ ಇರುವವನು 90 ಹೊಡೆದರೆ ಲೆಕ್ಕಕ್ಕೆ 72. ಹೀಗಾಗಿ ಹೊಸಬನೂ ಪಳಗಿದವನೂ ಜೊತೆಯಾಗಿ ಆಡಬಹುದು. ಪಂಚಮಿಯಲ್ಲಿಯೂ ಎಳೆಯ ಹುಡುಗನಿಗೆ ಎರಡು ಎಸೆತ ಹೆಚ್ಚಿಗೆ ಬಿಡುವುದುಂಟು. ಪಂದ್ಯದ ತೆಂಗಿನಕಾಯಿಯನ್ನೋ ಹಣವನ್ನೋ ನಡುವಿನವನೊಬ್ಬನ ಕೈಯಲ್ಲಿಟ್ಟರೆ ಅವನು ಗೆದ್ದವನಿಗೆ ಪೂರ್ತಿ ಕೊಡುತ್ತಾನೆ.

ಬಾಜಿಯನ್ನೇ ವ್ಯಾಪಾರ ಮಾಡಿಕೊಂಡವನು ಹಾಗಲ್ಲ. ಸಮಬಲದ ಇಬ್ಬರು ಆಟಗಾರರಿದ್ದಾರೆ ಎನ್ನಿ. 100 ರೂಪಾಯಿ ಕಟ್ಟಿ ಗೆದ್ದವನಿಗೆ ನ್ಯಾಯವಾಗಿ 200 ಮರಳಬೇಕು. ಅವನು ಕೊಡುವುದು 190. ಇಬ್ಬರ ಮೇಲೆ ಇಬ್ಬರು ಕಟ್ಟಿದರೆ ಯಾರೇ ಗೆಲ್ಲಲಿ, 10 ರೂಪಾಯಿ ಅವನ ಪೆಟ್ಟಿಗೆಗೆ. ಗಾಲ್ಫ್‌ನ ದೊಡ್ಡ ಸ್ಪರ್ಧೆಗಳಲ್ಲಿ ನೂರೈವತ್ತರ ಸಮೀಪ ಆಟಗಾರರಿರುತ್ತಾರೆ. ಗೆಲ್ಲುವವನನ್ನು ಹೆಸರಿಸಿದರೆ ಇಪ್ಪತ್ತು ಪಟ್ಟು, ಐವತ್ತು ಪಟ್ಟು ಎಂಬ ಆಸೆ ತೋರಿಸುವುದು ಸುಲಭ. ಸಮಬಲದ ಹತ್ತು ಜನರಿದ್ದು, ಹತ್ತು ಪಟ್ಟು ಕೊಡಬೇಕಾದಲ್ಲಿ ಎಂಟು ಪಟ್ಟು ಕೊಟ್ಟರೆ, ಕಟ್ಟಿದ ಪ್ರತಿ ನೂರಕ್ಕೆ ಸರಾಸರಿ 20 ಹೋಯಿತೆಂದೇ ಲೆಕ್ಕ. ಪಟ್ಟು ದೊಡ್ಡದಾದಷ್ಟೂ ಈ ಕೊರತೆ ಕಣ್ಣಿಗೆ ಬೀಳುವುದಿಲ್ಲ.

ಮಟ್ಕಾದ ಚೀಟಿ, ದೀಪಾವಳಿಯ ಇಸ್ಪೀಟು ಕೊಪ್ಪಳದ ಕಡೆ ಹೊಸತಲ್ಲ. ಅವಕ್ಕೆ ಒಂದು ಜಾಗ ಬೇಕಿತ್ತು. ಹುಡುಗ ಅಲ್ಲಿ ಕೂತದ್ದು ಸಂಜೆಯೊಳಗೆ ಅಪ್ಪನ ಕಿವಿಗೆ ಬೀಳುತ್ತಿತ್ತು. ಮೊಬೈಲಿನ ಬಾಜಿಗೆ ಜಾಗ ಬೇಕಿಲ್ಲ. ಓದಲು ಊರು ಬಿಟ್ಟು ಹಾಸ್ಟೆಲ್ ಸೇರಿದ ಮಗ ಯಾವ ದೇಶದ ಯಾವ ಆಟದ ಮೇಲೆ ಶುಲ್ಕದ ಹಣ ಕಟ್ಟಿದನೆಂದು ಮನೆಯವರಿಗೆ ತಿಳಿಯುವುದು ಹಣ ಹೋದಮೇಲೆ. ಕುದುರೆ ಪಂದ್ಯ ಕೌಶಲದ ಆಟ ಎಂದು ಸುಪ್ರೀಂ ಕೋರ್ಟ್ 1996ರಲ್ಲಿ ಹೇಳಿದ್ದರಿಂದ ರೇಸ್‌ಕೋರ್ಸಿನ ಬಾಜಿಗೆ ಕಾನೂನಿನ ನೆಲೆಯಿದೆ. ಜೂಜಿಗೆ 1963ರ ಕರ್ನಾಟಕ ಪೊಲೀಸ್ ಕಾಯ್ದೆಯಲ್ಲಿ ಶಿಕ್ಷೆಯಿದೆ. 2025ರ ಆಗಸ್ಟ್‌ನಲ್ಲಿ ಸಂಸತ್ತು ಮಾಡಿದ ಕಾಯ್ದೆಯಂತೂ ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು, ಅವು ಕೌಶಲದವೇ ಅದೃಷ್ಟದವೇ ಎಂದು ನೋಡದೆ, ನಡೆಸುವುದನ್ನೂ ಜಾಹೀರಾತು ಕೊಡುವುದನ್ನೂ ನಿಷೇಧಿಸಿದೆ.

ಕಾನೂನಿನ ಮಾತಿಗಿಂತ ಹುಣಸೆಬೀಜದ ಲೆಕ್ಕ ಮಕ್ಕಳಿಗೆ ಬೇಗ ಹತ್ತುತ್ತದೆ. ತರಗತಿಯಲ್ಲಿ ಒಬ್ಬ ಅಂಗಡಿಕಾರ. ಉಳಿದವರು ಒಂದೊಂದು ಆಟಕ್ಕೆ 10 ಬೀಜ ಕಟ್ಟಲಿ. ನಾಣ್ಯ ಚಿಮ್ಮಿ, ಗೆದ್ದವನಿಗೆ 9 ಬೀಜ ಲಾಭ, ಸೋತವನಿಗೆ 10 ನಷ್ಟ. ಪ್ರತಿಯೊಬ್ಬರೂ ನೂರು ಸಲ ಆಡಿ ಬರೆದಿಟ್ಟುಕೊಳ್ಳಲಿ. ಸರಾಸರಿ ಒಬ್ಬೊಬ್ಬರಿಗೆ 50 ಬೀಜ ನಷ್ಟ, 40 ಮಕ್ಕಳಿದ್ದರೆ 2000ದ ಆಸುಪಾಸು. ಆದರೆ ಅವರಲ್ಲಿ ಹಲವರು ಲಾಭ ಮಾಡಿಕೊಂಡೂ ಇರುತ್ತಾರೆ, ಊಟದ ಬಿಡುವಿನಲ್ಲಿ ತಮ್ಮ ಜಾಣತನವನ್ನು ಸಾರಿಕೊಂಡು ಬರುವವರೂ ಅವರೇ. ಅವರ ಹೆಸರನ್ನೂ ಸೋತವರ ಹೆಸರನ್ನೂ ಹಲಗೆಯ ಮೇಲೆ ಅಕ್ಕಪಕ್ಕ ಬರೆದು, ಮಾರನೆಯ ದಿನ ಇನ್ನೊಮ್ಮೆ ನೂರು ಸಲ ಆಡಿಸಬೇಕು.