ನೆನೆದ ವಾದ್ಯಗಳು

ನೀರಿಗೆ ಸಂಸ್ಕೃತ ಕೋಶಕಾರರು ಕೊಟ್ಟ ಹೆಸರುಗಳಲ್ಲಿ ‘ಜೀವನ’ವೆಂಬದೊಂದು, ‘ವಿಷ’ವೆಂಬದೂ ಒಂದು. ಒಂದೇ ವಸ್ತುವಿಗೆ ಈ ಎರಡು ಹೆಸರುಗಳು ಹೇಗೆ ಸಂದವೆಂದು ಪಾಠಶಾಲೆಯ ಬಾಲಕರು ಬೆರಗಾಗುವದುಂಟು. ಮಳೆಗಾಲದಲ್ಲಿ ಮಾಡು ಸೋರಿ ಮನೆಯ ತಂಬೂರಿಯೋ ಪೇಟಿಯೋ ತೊಯ್ದಾಗ ಈ ಸಂಶಯವು ತಾನೇ ಪರಿಹಾರವಾಗುವದು. ಹೊಲಕ್ಕೆ ಜೀವನವಾದದ್ದು ವಾದ್ಯಕ್ಕೆ ವಿಷವೇ ಸರಿ.

ಹಾನಗಲ್ಲ, ಶಿಗ್ಗಾಂವಿ, ಸವಣೂರ, ಹಿರೇಕೆರೂರ ಸೀಮೆಗೆ ಈ ಮಾತು ಹೊಸದಲ್ಲ. ಮಲೆನಾಡಿನ ಮಳೆ ಇಲ್ಲಿಯವರೆಗೂ ಕೈ ಚಾಚುವದು. ೨೦೧೯ರ ಆಗಸ್ಟ ತಿಂಗಳಲ್ಲಿ ವರದೆಯು ಉಕ್ಕಿ ದಂಡೆಯ ಊರುಗಳಿಗೆ ನುಗ್ಗಿದ್ದನ್ನು ಜನರು ಮರೆತಿಲ್ಲ. ಇದೇ ಸೀಮೆಯು ನಾದದ ತವರೂ ಆಗಿದೆ. ಗಾನಯೋಗಿ ಪಂಚಾಕ್ಷರ ಗವಾಯಿಗಳು ೧೮೯೨ರಲ್ಲಿ ಹಾನಗಲ್ಲ ತಾಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿಯೂ, ಅವರ ಶಿಷ್ಯರಾದ ಪುಟ್ಟರಾಜ ಗವಾಯಿಗಳು ೧೯೧೪ರಲ್ಲಿ ಅದೇ ತಾಲೂಕಿನ ದೇವಗಿರಿಯಲ್ಲಿಯೂ ಜನಿಸಿದರು. ಶಿಗ್ಗಾಂವಿ ತಾಲೂಕಿನ ಶಿಶುನಾಳದ ಶರೀಫ ಸಾಹೇಬರ ಪದಗಳು ಇಂದಿಗೂ ತಂಬೂರಿಯ ಶ್ರುತಿಯ ಮೇಲೆಯೇ ನಿಂತಿವೆ. ಆದುದರಿಂದ ಇಲ್ಲಿಯ ಹಳೆಯ ಮನೆಗಳಲ್ಲಿ ಗೋಡೆಯ ಗೂಟಕ್ಕೆ ಒಂದು ತಂಬೂರಿ ತೂಗುತ್ತಿದ್ದರೆ ಆಶ್ಚರ್ಯವಿಲ್ಲ. ಈಗೀಗ ಅದರ ಮಗ್ಗುಲಲ್ಲಿ ವಿದ್ಯುತ್ ಗಿಟಾರವೂ ಕಾಣಿಸಿಕೊಳ್ಳುತ್ತಿದೆ.

ಹಾನಗಲ್ಲ ಕಡೆಯ ಅಂಥದೊಂದು ಮನೆಯಲ್ಲಿ ಆಷಾಢದ ಒಂದು ರಾತ್ರಿ ಮಂಗಗಳು ಸರಿಸಿದ ಹಂಚಿನ ಸಂದಿಯಿಂದ ನೀರಿಳಿಯಿತು. ಕಾಲವಾದ ಗೃಹಿಣಿಯು ಭಜನೆಗೆ ನುಡಿಸುತ್ತಿದ್ದ ತಂಬೂರಿ, ಮೊಮ್ಮಗನು ಎರಡು ವರ್ಷ ಹಣ ಕೂಡಿಸಿ ಕೊಂಡ ಗಿಟಾರ, ಅದರ ಧ್ವನಿಪೆಟ್ಟಿಗೆ, ಮೂರೂ ತೊಯ್ದವು. ಬೆಳಗಿಗೆದ್ದ ಹುಡುಗನ ಕೈ ಮೊದಲು ಹೋದದ್ದು ವಿದ್ಯುತ್ತಿನ ಗುಂಡಿಯ ಕಡೆಗೆ.

“ಅಜ್ಜಾ, ಒಮ್ಮೆ ಹಚ್ಚಿ ನೋಡತೀನಿ. ದನಿ ಬಂದರ ಸಮಾಧಾನ ಆಗತದ.”

“ಬ್ಯಾಡೋ ತಮ್ಮಾ. ಗಾಯಾದ ಎತ್ತಿಗೆ ನೊಗಾ ಹೇರಿ ನೋಡತಾರೇನು?”

ಗಿಟಾರವನ್ನು ಎಂದೂ ಮೆಚ್ಚದ ಮುದುಕನು ಅದನ್ನು ಕಾಯ್ದದ್ದು ಹೀಗೆ. ಅದಕ್ಕಿಂತ ಹೆಚ್ಚಾಗಿ ಕಾಯ್ದದ್ದು ಹುಡುಗನ ಪ್ರಾಣವನ್ನು. ಏಕೆಂದರೆ ಗಿಟಾರದಲ್ಲಿ ಮಿಂಚಿನ ಭಯವು ಅಲ್ಪ. ಭಯವೆಲ್ಲ ಗೋಡೆಯಿಂದ ವಿದ್ಯುತ್ತನ್ನು ಸೆಳೆಯುವ ಪೆಟ್ಟಿಗೆಯಲ್ಲಿದೆ. ತಂತಿಗಳ ಕೆಳಗೆ ಅಯಸ್ಕಾಂತವಿದ್ದು, ಅದರ ಸುತ್ತಲೂ ಕೂದಲಿನಷ್ಟು ತೆಳುವಾದ ತಾಮ್ರದ ಎಳೆಯನ್ನು ಸಾವಿರಾರು ಸುತ್ತು ಸುತ್ತಿರುವರು. ಉಕ್ಕಿನ ತಂತಿಯು ಮಿಡಿದಾಗ ಆ ಸುರುಳಿಯಲ್ಲಿ ಅತ್ಯಲ್ಪ ವಿದ್ಯುತ್ತು ಹುಟ್ಟುವದು. ೧೮೩೧ರಲ್ಲಿ ಫ್ಯಾರಡೆಯು ಕಂಡುಹಿಡಿದ ತತ್ವವೇ ಇದು; ಸುಮಾರು ನೂರು ವರುಷಗಳ ತರುವಾಯ ಅಮೇರಿಕೆಯಲ್ಲಿ ಅದು ಗಿಟಾರದ ಕೊರಳಾಯಿತು.

ಮೊದಲು ಮನೆಯ ವಿದ್ಯುತ್ತನ್ನು ಮೂಲದಲ್ಲಿಯೇ ನಿಲ್ಲಿಸಿ ಪೆಟ್ಟಿಗೆಯ ಸಂಬಂಧವನ್ನು ಕಡಿದರು; ಅದನ್ನು ತಾವು ಬಿಚ್ಚದೆ ಕಸಬುದಾರನಿಗೆ ಒಪ್ಪಿಸಿದರು. ಗಿಟಾರದ ಆರು ತಂತಿಗಳನ್ನು ಸ್ವಲ್ಪ ಸ್ವಲ್ಪವಾಗಿ ಸಡಿಲಿಸಿ ತೆಗೆದರು. ತಿರುಪು ಬಿಚ್ಚಿ ಮುಚ್ಚಳವೆತ್ತಿದಾಗ ಹಂಚಿನ ಕೆಸರು ಒಳಗೂ ಇಳಿದದ್ದು ಕಂಡಿತು. ಬ್ಯಾಟರಿಗೆ ಹಾಕುವ ಶುದ್ಧ ನೀರಿನಲ್ಲಿ ಅರಿವೆಯನ್ನದ್ದಿ ಹಿಂಡಿ ಆ ಕೆಸರನ್ನು ಒರೆಸಿದರು. ಹೊಲಸು ಒಣಗಿ ನಿಂತರೆ ಲೋಹವನ್ನು ತಿನ್ನುವದಷ್ಟೆ. ನೆರೆಯವರು ಅಕ್ಕಿಯಲ್ಲಿ ಹೂಳಲು ಹೇಳಿದರು. ಅಕ್ಕಿಯ ಹುಡಿಯು ಸಂದಿಗೊಂದಿಗಳಲ್ಲಿ ಕೂಡ್ರುವದಲ್ಲದೆ ಗಾಳಿಗಿಂತ ಹೆಚ್ಚಿನ ಉಪಕಾರವನ್ನು ಮಾಡದು. ನೆರಳಿನಲ್ಲಿಟ್ಟು, ದೂರದಿಂದ ಪಂಖದ ಗಾಳಿ ಬಿಟ್ಟು, ಹತ್ತು ದಿನ ಕಾಯ್ದರು. ಬಳಿಕ ರೇಡಿಯೋ ದುರಸ್ತಿಯವನು ಮಾಪಕವನ್ನು ಹಿಡಿದು ನೋಡಲಾಗಿ ಸುರುಳಿಯು ಏಳು ಸಾವಿರ ಓಮಿನಷ್ಟು ತೋರಿಸಿತು. ಎಳೆ ಕಡಿದಿರಲಿಲ್ಲವೆಂದು ಅದರ ಅರ್ಥ. ಒಂದು ಗುಂಡಿ ಮಾತ್ರ ತಿರುವಿದಾಗ ಗರಗರವೆಂದಿತು. ಅದನ್ನು ತೊಳೆಯುವ ದ್ರವದಿಂದ ಅದೂ ಸರಿಹೋಯಿತು. ತುಕ್ಕು ಹಿಡಿದ ತಂತಿಗಳನ್ನು ಬದಲಿಸಿದರು.

ತಂಬೂರಿಯ ಗತಿ ಬೇರೆಯಾಯಿತು. ಹುಡುಗನ ತಂದೆಯು ತಾಯಿಯ ವಸ್ತುವೆಂಬ ಕಳವಳದಿಂದ, ಮರುದಿನವೇ ಬಿಸಿಲು ಬಿದ್ದದ್ದನ್ನು ಕಂಡು, ಯಾರನ್ನೂ ಕೇಳದೆ ಅದನ್ನು ಅಂಗಳದಲ್ಲಿಟ್ಟನು. ತಂಬೂರಿಯು ಒಂದೇ ವಸ್ತುವಲ್ಲ. ಬುರುಡೆ ಒಂದು ಜಾತಿ, ಮರ ಇನ್ನೊಂದು ಜಾತಿ, ನಡುವೆ ಇವನ್ನು ಕೂಡಿಸಿದ ಮರವಜ್ರ. ನೀರಿಗೆ ಮರವಜ್ರವು ಮೆತ್ತಗಾಗುವದು. ಬಿಸಿಲಿಗೆ ತೆಳುವಾದ ಬುರುಡೆ ಬೇಗನೆಯೂ ದಪ್ಪನಾದ ಮರ ನಿಧಾನವಾಗಿಯೂ ಕುಗ್ಗುವವು. ಸಂಜೆಯ ಹೊತ್ತಿಗೆ ಬೆಸುಗೆ ಬಾಯಿಬಿಟ್ಟಿತು. ಬುರುಡೆಯ ಮೇಲೆ ಗೇಣುದ್ದದ ಸೀಳು ಬಿತ್ತು. ಮಗನು ಅದರ ಮುಂದೆ ಕುಳಿತು ಮಾತಾಡಲಿಲ್ಲ. ಮುದುಕನು ಅವನನ್ನು ಬಯ್ಯಲಿಲ್ಲ. “ಮೀರಜಿಗೆ ಒಯ್ಯೂಣು,” ಎಂದಷ್ಟೇ ಅಂದನು.

ಮೀರಜದ ಕುಶಲಿಗಳು ತಲೆಮಾರುಗಳಿಂದ ಈ ವಾದ್ಯಗಳನ್ನೇ ಕಟ್ಟುತ್ತ ಬಂದವರು. ಅಲ್ಲಿಯ ಸತಾರ ತಂಬೂರಿಗಳಿಗೆ ೨೦೨೪ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆಯೂ ದೊರೆಯಿತು. ಸೀಳು ಕೂಡಿತು, ಬೆಸುಗೆ ಗಟ್ಟಿಯಾಯಿತು, ಕುದುರೆಯ ಮೇಲೆ ಜೀವಾಳದ ನೂಲು ಮತ್ತೆ ಕೂತಿತು. ಧ್ವನಿಯು ಮಾತ್ರ ಮೊದಲಿನದಲ್ಲ, ತುಸು ತಗ್ಗಿದೆ. ತಾಯಿಯ ಕೈಯ ನಾದವನ್ನು ಬಲ್ಲ ಮಗನ ಕಿವಿಗೆ ಆ ಅಂತರವು ತಿಳಿಯುವದು. ಅದನ್ನು ಯಾವ ಕುಶಲಿಯೂ ತುಂಬಲಾರನು.

ವಾದ್ಯವನ್ನು ಕೆಡಿಸುವದರಲ್ಲಿ ನೀರಿನ ಪಾಲು ಅರ್ಧ. ಉಳಿದರ್ಧವು ನಮ್ಮ ಅವಸರದ್ದು. ಆ ಅವಸರವಾದರೂ ಉದಾಸೀನದಿಂದ ಹುಟ್ಟಿದ್ದಲ್ಲ, ಪ್ರೀತಿಯಿಂದ ಹುಟ್ಟಿದ್ದು. ಆದುದರಿಂದಲೇ ಅದನ್ನು ತಡೆಯುವದು ಕಷ್ಟ. ವಾಚಕರು ಮೃಗಶಿರಕ್ಕೆ ಮುಂಚೆಯೇ ಹಂಚು ಕೈಯಾಡಿಸಲಿ, ವಾದ್ಯವನ್ನು ಸೋರುವ ಗೋಡೆಯಿಂದ ಸರಿಸಲಿ. ಅಷ್ಟಾಗಿಯೂ ತೊಯ್ದರೆ ಒರೆಸಿ, ನೆರಳಿನಲ್ಲಿಟ್ಟು, ಕೆಲವು ದಿನ ಕೈ ಕಟ್ಟಿ ಕೂಡ್ರುವ ಧೈರ್ಯವನ್ನು ತಾಳಲಿ.