ಒಂಬತ್ತು ಜನ, ಎರಡೇ ತಿಂಗಳು

ಫ್ಲಾರೆನ್ಸಿನಿಂದ ಸಿಯೆನಾಕ್ಕೆ ಹೊರಟ ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ಭಾವನ ಪಾಲಾಗಿತ್ತು. ಸಾಗರದ ಕಡೆಯ ಅಡಿಕೆ ಬೆಳೆಗಾರರ ಸಹಕಾರ ಸಂಘವೊಂದರಲ್ಲಿ ಮೂವತ್ತು ವರ್ಷ ಕಾರ್ಯದರ್ಶಿಯಾಗಿದ್ದವರು ಅವರು. ಯಾವ ಊರಿಗೆ ಹೋದರೂ ಮೊದಲು ಕೇಳುವುದು ಒಂದೇ ಪ್ರಶ್ನೆ: "ಇದಕ್ಕೆಲ್ಲ ದುಡ್ಡು ಎಲ್ಲಿಂದ ಬಂತು ಮಾರಾಯ?"

ದ್ರಾಕ್ಷಿ ತೋಟ, ಆಲಿವ್ ಮರ, ಮತ್ತೆ ದ್ರಾಕ್ಷಿ ತೋಟ. ಕಣ್ಣು ಮುಚ್ಚಿಹೋಗುವ ಹೊತ್ತಿಗೆ ಗುಡ್ಡದ ಮೇಲೊಂದು ಕೋಟೆ ಎದ್ದುಬಂತು. ದುಂಡಗಿನ ಸುತ್ತುಗೋಡೆ, ಅದಕ್ಕೆ ಹೊಲಿದಂತೆ 14 ಬುರುಜು. ಅದು ಮೊಂತೆರಿಜ್ಜೋನಿ. ಫ್ಲಾರೆನ್ಸಿನವರು ಏರಿಬಂದಾರೆಂದು ಸಿಯೆನಾದವರು 1213ರ ಸುಮಾರಿಗೆ ಕಟ್ಟತೊಡಗಿದ ಗಡಿಠಾಣೆ. ದಾಂತೆ ತನ್ನ ಕಾವ್ಯದ ನರಕದಲ್ಲಿ ನಿಂತ ದೈತ್ಯರಿಗೆ ಹೋಲಿಸಿದ್ದು ಈ ಬುರುಜುಗಳನ್ನೇ. ಒಂದೂಕಾಲು ಗಂಟೆಯ ದಾರಿಯ ಎರಡು ತುದಿಗೆ ಎರಡು ಊರು. ಎರಡಕ್ಕೂ ಬೇರೆ ಬೇರೆ ಸೈನ್ಯ, ನಾಣ್ಯ, ಕಾನೂನು. ನಮ್ಮಲ್ಲಾದರೆ ಇಷ್ಟು ದೂರದಲ್ಲಿ ತಾಲ್ಲೂಕು ಬದಲಾಗುತ್ತದೆ, ಅಷ್ಟೇ.

ಆ ಕಾಲದ ಉತ್ತರ ಮತ್ತು ನಡು ಇಟಲಿಗೆ ಹೆಸರಿಗೊಬ್ಬ ಚಕ್ರವರ್ತಿಯಿದ್ದ. ಅವನಿರುತ್ತಿದ್ದುದು ಆಲ್ಪ್ಸ್ ಪರ್ವತದ ಆಚೆ. ದೊರೆ ದೂರವಿದ್ದರೆ ಪೇಟೆಗೆ ಧೈರ್ಯ ಬರುತ್ತದೆ. ಉಣ್ಣೆ, ಮಸಾಲೆ, ಬಡ್ಡಿ ವ್ಯವಹಾರದಲ್ಲಿ ಬಲಿತ ಊರುಗಳು ತಾವೇ ಮುಖಂಡರನ್ನು ಆರಿಸಿಕೊಂಡು ಆಳಿಕೊಳ್ಳತೊಡಗಿದವು. ಹದ್ದುಬಸ್ತಿಗೆ ತರಲು ದಂಡೆತ್ತಿ ಬಂದ ಚಕ್ರವರ್ತಿ ಫ್ರೆಡರಿಕ್ ಬಾರ್ಬರೋಸನನ್ನು ಲೊಂಬಾರ್ದಿಯ ಊರುಗಳು ಒಟ್ಟಾಗಿ 1176ರಲ್ಲಿ ಲೆನ್ಯಾನೊ ಬಯಲಿನಲ್ಲಿ ಸೋಲಿಸಿದವು. 1183ರ ಒಪ್ಪಂದದಲ್ಲಿ ಅವನು ಅವುಗಳ ಸ್ವಂತ ಆಡಳಿತವನ್ನು ಮಾನ್ಯ ಮಾಡಬೇಕಾಯಿತು. ಮೂರು ವರ್ಷದ ಬಳಿಕ ಸಿಯೆನಾಕ್ಕೂ ಮುಖಂಡರನ್ನು ಆರಿಸುವ, ನಾಣ್ಯ ಹೊಡೆಯುವ ಹಕ್ಕು ಸಿಕ್ಕಿತು.

ಸಿಯೆನಾದ ಓಣಿಗಳು ಕಿರಿದು, ಎರಡೂ ಕಡೆ ಎತ್ತರದ ಮನೆಗಳು, ಮೇಲೆ ನೂಲಿನಷ್ಟು ಆಕಾಶ. ಒಂದು ಕಮಾನಿನ ಕೆಳಗೆ ತಲೆತಗ್ಗಿಸಿ ಇಳಿದೆವು. ಫಕ್ಕನೆ ಬೆಳಕು. ಪಿಯಾತ್ಸಾ ದೆಲ್ ಕಾಂಪೊ! ಇಡೀ ಚೌಕ ಮೊರದ ಹಾಗೆ ಒಂದೇ ಕಡೆಗೆ ವಾಲಿದೆ. ನೆಲದ ತುಂಬ ಕೆಂಪು ಇಟ್ಟಿಗೆ, ನಡುವೆ ಬಿಳಿಗಲ್ಲಿನ ಪಟ್ಟಿಗಳು. ಜನ ಅದರ ಮೇಲೆ ಜಾತ್ರೆಯ ಗದ್ದೆಯಲ್ಲಿ ಕೂತಂತೆ ಕೂತಿದ್ದಾರೆ, ಮಲಗಿದ್ದಾರೆ. ನಾವೂ ಕೂತೆವು. ಬಿಸಿಲು ಹೀರಿದ ಇಟ್ಟಿಗೆ ಬೆಚ್ಚಗಿತ್ತು. ನಾನು ಪಟ್ಟಿಗಳ ನಡುವಿನ ಭಾಗಗಳನ್ನು ಎಣಿಸಿದೆ: ಒಂಬತ್ತು.

ಆ ಒಂಬತ್ತು ಎಂದರೆ 'ನೋವೆ', ಅಂದರೆ ಒಂಬತ್ತು ಮಂದಿಯ ಸರ್ಕಾರ. 1287ರಿಂದ 1355ರವರೆಗೆ ಈ ಊರನ್ನು ಆಳಿದ್ದು ಅದೇ. ಹೆಚ್ಚಿನವರು ವರ್ತಕರು, ಲೇವಾದೇವಿಯವರು. ದೊಡ್ಡ ಮನೆತನದ ಸರದಾರರಿಗೆ ಒಳಗೆ ಜಾಗವಿರಲಿಲ್ಲ. ಅಧಿಕಾರದ ಅವಧಿ ಎರಡೇ ತಿಂಗಳು. ಆ ಎರಡು ತಿಂಗಳೂ ಅರಮನೆಯಲ್ಲೇ ಊಟ, ಅಲ್ಲೇ ನಿದ್ದೆ. ಹೊರಗೆ ಸುತ್ತಿ ನೆಂಟರ ಅಹವಾಲು ಕೇಳುವ ಹಾಗಿಲ್ಲ. ಅವಧಿ ಮುಗಿದ ಮೇಲೆ ಇಪ್ಪತ್ತು ತಿಂಗಳು ಮತ್ತೆ ಆ ಕುರ್ಚಿಯ ಕಡೆ ತಲೆಹಾಕುವಂತಿಲ್ಲ. ನ್ಯಾಯ ಹೇಳಲು 'ಪೊದೆಸ್ತಾ' ಎಂಬ ಅಧಿಕಾರಿಯನ್ನು ಬೇರೆ ಊರಿನಿಂದ ಕರೆಸುತ್ತಿದ್ದರು. ಇಲ್ಲಿಯವನಾದರೆ ಯಾರದೋ ಮಾವನೋ ಅಳಿಯನೋ ಆಗಿಬಿಡುತ್ತಾನಲ್ಲ! ಹೊರಡುವ ಮೊದಲು ಅವನ ಮೇಲಿನ ದೂರುಗಳ ವಿಚಾರಣೆ ಮುಗಿಯಬೇಕು, ಆಮೇಲೆಯೇ ಊರು ಬಿಡಬೇಕು.

"ಯಾರಿಗೂ ಯಾರ ಮೇಲೂ ನಂಬಿಕೆ ಇರಲಿಲ್ಲ ಅಂತಾಯ್ತು" ಎಂದರು ಭಾವ.

"ಹಾಗಂತ ಕಾಣ್ತದೆ."

"ಒಳ್ಳೇದೇ. ನಂಬಿದ್ದಕ್ಕೇ ಎಷ್ಟು ಸಂಘ ಮುಳುಗಿದ್ದು ನಂಗೊತ್ತು."

ಚೌಕದ ತಗ್ಗಿನಲ್ಲಿ ನಿಂತಿರುವುದು ಆ ಅರಮನೆ, ಪಲಾತ್ಸೊ ಪುಬ್ಲಿಕೊ. ಪಕ್ಕದ ಗೋಪುರ ಎಷ್ಟು ಎತ್ತರವೆಂದರೆ ಕತ್ತು ಹಿಂದಕ್ಕೆ ಬಾಗಿಸಿ ನೋಡಿದಾಗ ಭಾವನ ಟೋಪಿ ಬಿತ್ತು. ಇನ್ನೊಂದು ಸಂಗತಿ ನನಗೆ ಹಿಡಿಸಿತು. ಚೌಕಕ್ಕೆ ಮುಖ ಮಾಡಿದ ಮನೆಗಳ ಕಿಟಕಿ ಹೇಗಿರಬೇಕು ಎಂದು 1297ರಲ್ಲೇ ಇಲ್ಲಿ ಕಾನೂನು ಮಾಡಿದ್ದರು. ಕಿಟಕಿಯ ನಡುವೆ ಸಣ್ಣ ಕಂಬಗಳಿರಬೇಕು, ಮುಂದಕ್ಕೆ ಚಾಚಿದ ಮೊಗಸಾಲೆ ಕೂಡದು. ಎದುರಿನ ಸಾಲಿನಲ್ಲಿ ಇವತ್ತಿಗೂ ಅಂಥ ಕಿಟಕಿಗಳಿವೆ. ಒಂದು ಲೇಔಟಿನಲ್ಲಿ ಎರಡು ಮನೆ ಒಂದೇ ಥರ ಇರದ ನಾಡಿನಿಂದ ಹೋದವನಿಗೆ ಇದು ಕಡಿಮೆ ಬೆರಗಲ್ಲ.

ಒಳಗೆ ಸಿಮೋನೆ ಮಾರ್ತೀನಿಯ ದೊಡ್ಡ ಮೇರಿಯಮ್ಮ ಇದ್ದಾಳೆ, ಚೆಲುವೆ. ಆದರೆ ನಾನು ಬಂದದ್ದು ಪಕ್ಕದ ಕೋಣೆಗೆ. ಒಂಬತ್ತು ಜನ ಕೂತು ಸಭೆ ನಡೆಸುತ್ತಿದ್ದ ಆ ಕೋಣೆಯ ಮೂರು ಗೋಡೆಗಳ ಮೇಲೆ 1338-39ರಲ್ಲಿ ಅಂಬ್ರೋಜಿಯೊ ಲೊರೆನ್ಜೆತ್ತಿ ಚಿತ್ರ ಬರೆದ. ಇಲ್ಲಿ ಮುಖ್ಯ ವಿಷಯ ಸಂತರಲ್ಲ, ಯುದ್ಧವೂ ಅಲ್ಲ. ಒಳ್ಳೆಯ ಆಡಳಿತ ಮತ್ತು ಕೆಟ್ಟ ಆಡಳಿತ. ಅಷ್ಟೇ!

ಒಳ್ಳೆಯ ಆಡಳಿತದ ಊರಿನಲ್ಲಿ ಎಲ್ಲರಿಗೂ ಕೆಲಸವಿದೆ. ಚಮ್ಮಾರನ ಅಂಗಡಿ ತೆರೆದಿದೆ, ಮೇಷ್ಟರು ಪಾಠ ಹೇಳುತ್ತಿದ್ದಾರೆ, ಹೇರು ಹೊತ್ತ ಕತ್ತೆಗಳು ಬರುತ್ತಿವೆ, ಮೇಲೆ ಸಾರುವೆ ಕಟ್ಟಿಕೊಂಡು ಗಾರೆಯವರು ಮನೆ ಎಬ್ಬಿಸುತ್ತಿದ್ದಾರೆ. ಬೀದಿಯಲ್ಲಿ ಕೈಕೈ ಹಿಡಿದ ಕುಣಿತ. ಕೋಟೆಬಾಗಿಲು ದಾಟಿದರೆ ಗುಡ್ಡದ ಮೇಲೆ ಗುಡ್ಡ, ಉಳುವವರು, ಕೊಯ್ಯುವವರು. ಒಬ್ಬ ರೈತ ಕಪ್ಪು ಹಂದಿಯೊಂದನ್ನು ಊರಿನತ್ತ ಅಟ್ಟಿಕೊಂಡು ಬರುತ್ತಿದ್ದಾನೆ. ಅದರ ಬೆನ್ನಿನ ಸುತ್ತ ಬಿಳಿಯ ಪಟ್ಟಿ. ಇವತ್ತಿಗೂ ಈ ಸೀಮೆಯಲ್ಲಿ ಅದೇ ತಳಿಯ ಹಂದಿ ಸಾಕುತ್ತಾರೆ. ಇಷ್ಟೆಲ್ಲ ನೆಮ್ಮದಿಯ ಮೇಲೆ 'ಸುರಕ್ಷೆ' ಎಂಬ ಹೆಣ್ಣು ಹಾರುತ್ತಿದ್ದಾಳೆ. ಅವಳ ಒಂದು ಕೈಯಲ್ಲಿ ಗಲ್ಲುಗಂಬ, ಅದರಲ್ಲಿ ನೇತಾಡುವ ಹೆಣ. ಆ ಕಾಲದ ಶಾಂತಿಗೆ ಹಗ್ಗವೂ ಬೇಕಿತ್ತು. ಚಿತ್ರಕಾರ ಅದನ್ನು ಮುಚ್ಚಿಡಲಿಲ್ಲ.

ನನ್ನನ್ನು ಬಹಳ ಹೊತ್ತು ನಿಲ್ಲಿಸಿದ್ದು ಎರಡು ಸಣ್ಣ ಸಲಕರಣೆಗಳು. ನ್ಯಾಯದೇವತೆಯ ಕೆಳಗೆ 'ಒಮ್ಮತ' ಎಂಬ ಹೆಂಗಸು ಕೂತಿದ್ದಾಳೆ. ತಕ್ಕಡಿಯ ಎರಡು ತಟ್ಟೆಗಳಿಂದ ಇಳಿದ ದಾರ ಅವಳ ಕೈಗೆ ಬಂದು, ಅಲ್ಲಿಂದ ಸಾಲಾಗಿ ನಿಂತ 24 ಮಂದಿ ನಾಗರಿಕರ ಕೈಯಿಂದ ಕೈಗೆ ಸಾಗುತ್ತದೆ. ಅವಳ ಮಡಿಲಲ್ಲಿ ಏನದು? ಬಗ್ಗಿ ನೋಡಿದೆ. ಬಡಗಿಯ ಉಜ್ಜುಗೊರಡು! ಉಬ್ಬುತಗ್ಗು ಸವರಿ ಸಮ ಮಾಡಲು. ಎದುರಿನ ಕಡೆ, ಕೋರೆಹಲ್ಲಿನ, ಕೋಡು ಮೂಡಿದ ದಬ್ಬಾಳಿಕೆಯ ದೊರೆಯ ಪರಿವಾರದಲ್ಲಿ 'ಒಡಕು' ಎಂಬವಳಿದ್ದಾಳೆ. ಅರ್ಧ ಬಿಳಿ, ಅರ್ಧ ಕಪ್ಪು ಉಡುಪು. ಅದು ಸಿಯೆನಾದ್ದೇ ಬಣ್ಣ. ಒಂದು ಕಡೆ 'ಹೌದು', ಇನ್ನೊಂದು ಕಡೆ 'ಇಲ್ಲ' ಎಂದು ಬರೆದಿದೆ. ಅವಳ ಕೈಯಲ್ಲಿರುವುದು ಗರಗಸ. ಕೊಯ್ಯುತ್ತಿರುವುದು ತನ್ನನ್ನೇ.

ಆ ಗೋಡೆಯ ಬಣ್ಣ ಬಹಳಷ್ಟು ಉದುರಿದೆ. ಉಳಿದದ್ದರಲ್ಲಿ ಮುರಿದ ಮನೆಗಳು, ಹೆಂಗಸನ್ನು ಎಳೆಯುವ ಸಿಪಾಯಿಗಳು ಕಾಣುತ್ತಾರೆ. ಆ ಊರಿನಲ್ಲಿ ಕೈತುಂಬ ಕೆಲಸವಿರುವುದು ಒಬ್ಬನಿಗೆ ಮಾತ್ರ. ಆಯುಧ ಮಾಡುವವನಿಗೆ.

ಇದು ಪ್ರಚಾರ ಚಿತ್ರವೂ ಹೌದು ಎಂಬುದನ್ನು ಮರೆಯಬಾರದು. ಬಡ ಕೂಲಿಗಳಿಗೆ, ಹೆಂಗಸರಿಗೆ ಒಂಬತ್ತರ ಮೇಜಿನಲ್ಲಿ ಕುರ್ಚಿಯಿರಲಿಲ್ಲ. 1318ರಲ್ಲಿ ಕಟುಕರೂ ಕಮ್ಮಾರರೂ ದಂಗೆಯೆದ್ದಿದ್ದರು. ಆದರೂ ತಾನು ಕೆಟ್ಟರೆ ಹೇಗೆ ಕಾಣುತ್ತೇನೆಂದು ತನ್ನ ಸಭೆಯ ಗೋಡೆಗೇ ಬರೆಸಿ, ದಿನಾ ಅದರೆದುರು ಕೂತ ಬೇರೆ ಸರ್ಕಾರ ನನಗೆ ಗೊತ್ತಿಲ್ಲ.

ಮಧ್ಯಾಹ್ನ ಪತ್ರಾಗಾರಕ್ಕೆ ಹೋದೆವು. ಅಲ್ಲಿ ಭಾವನಿಗೆ ದೇವರು ಕಂಡಂತಾಯಿತು. ಊರಿನ ಖಜಾನೆಯ ಹೆಸರು 'ಬಿಕ್ಕೆರ್ನಾ'. ಆರಾರು ತಿಂಗಳ ಜಮಾಖರ್ಚಿನ ಪುಸ್ತಕಗಳಿಗೆ ಮರದ ರಟ್ಟು ಹಾಕಿ, ಅದರ ಮೇಲೆ ಊರಿನ ಕಲಾವಿದರಿಂದ ಚಿತ್ರ ಬರೆಸುತ್ತಿದ್ದರು. ಉಳಿದವುಗಳಲ್ಲಿ ಹಳೆಯದು 1258ರದು. ಅದರ ಮೇಲೆ ಊಗೊ ಎಂಬ ಸನ್ಯಾಸಿ, ಎದುರಿಗೆ ತೆರೆದ ಪುಸ್ತಕ. ಸಾನ್ ಗಲ್ಗಾನೊ ಮಠದವನು; ಅವನೇ ಊರಿನ ಖಜಾಂಚಿ. ಹೆಂಡತಿ ಮಕ್ಕಳಿಲ್ಲದವನ ಕೈಗೆ ಬೀಗದ ಕೈ!

"ನಮ್ಮ ಡೇ ಬುಕ್ಕಿಗೆ ಕ್ಯಾಲೆಂಡರಿನ ಹಾಳೆ ಸುತ್ತುತ್ತಿದ್ದೆವು ಮಾರಾಯ" ಎಂದು ಭಾವ ಗಾಜಿಗೆ ಮೂಗು ತಾಗಿಸಿ ನಿಂತರು.

ಅದೇ ಊರು 1309-10ರಲ್ಲಿ ಮಾಡಿದ ಇನ್ನೊಂದು ಕೆಲಸ ನನ್ನ ಎದೆಗೆ ನಾಟಿತು. ಅಲ್ಲಿಯವರೆಗೆ ಕಾನೂನು ಇದ್ದದ್ದು ಲ್ಯಾಟಿನ್ನಿನಲ್ಲಿ. ಒಂಬತ್ತು ಜನರ ಸರ್ಕಾರ ಅದನ್ನೆಲ್ಲ ಆಡುಮಾತಿಗೆ ತರಿಸಿತು. ದಪ್ಪ ಅಕ್ಷರದಲ್ಲಿ, ಓದಲು ಬರುವಂತೆ ಬರೆಯಬೇಕು, ಲ್ಯಾಟಿನ್ ಬಾರದ ಬಡವರೂ ಬಂದು ನೋಡುವಂತೆ ಖಜಾನೆಯಲ್ಲಿ ಇಡಬೇಕು ಎಂದು ಆಜ್ಞೆ ಮಾಡಿತು. 1963ರಿಂದ ನಮ್ಮಲ್ಲಿ ರಾಜಭಾಷಾ ಕಾಯ್ದೆ ಇದೆ. ನಮ್ಮ ಹೈಕೋರ್ಟಿನ ತೀರ್ಪನ್ನು ಈಗಲೂ ವಕೀಲರಿಂದ ಅರ್ಥ ಮಾಡಿಸಿಕೊಳ್ಳುತ್ತೇವೆ. ಇರಲಿ.

ಸಂಜೆಗೆ ಗುಡ್ಡದ ನೆತ್ತಿಯ ಕೆಥೆಡ್ರಲ್ಲಿಗೆ ಹೋದೆವು. ಅದರ ಪಕ್ಕ ಒಂಟಿ ಗೋಡೆಯೊಂದು ಆಕಾಶಕ್ಕೆ ಎದ್ದಿದೆ. ಇರುವ ದೇಗುಲವನ್ನೇ ಅಡ್ಡಪಡಸಾಲೆ ಮಾಡಿಕೊಂಡು ಅದಕ್ಕಿಂತ ಬಹಳ ದೊಡ್ಡದನ್ನು ಕಟ್ಟಬೇಕೆಂದು 1339ರಲ್ಲಿ ಊರು ತೀರ್ಮಾನಿಸಿತ್ತು. 1348ರಲ್ಲಿ ಪ್ಲೇಗು ಬಂತು. ಊರಿನ ಅರ್ಧದಷ್ಟು ಜನ ಹೋದರು. ಅಂಬ್ರೋಜಿಯೊ ಕೂಡ ಆ ರೋಗಕ್ಕೇ ಬಲಿಯಾದನೆಂದು ನಂಬಿಕೆ. ಆನ್ಯೋಲೊ ದಿ ತೂರಾ ಎಂಬ ಇತಿಹಾಸಕಾರ ತನ್ನ ಐದು ಮಕ್ಕಳನ್ನು ತಾನೇ ಮಣ್ಣು ಮಾಡಿದ್ದನ್ನು ಬರೆದಿಟ್ಟಿದ್ದಾನೆ. ಏಳು ವರ್ಷದ ಬಳಿಕ ಚಕ್ರವರ್ತಿ ನಾಲ್ಕನೇ ಚಾರ್ಲ್ಸ್ ಊರಿಗೆ ಬಂದಾಗ ಜನ ತಿರುಗಿಬಿದ್ದು ಒಂಬತ್ತರ ಸರ್ಕಾರವನ್ನು ಕಿತ್ತೊಗೆದರು. ಮುಂದೆ ಸರ್ಕಾರದ ಮೇಲೆ ಸರ್ಕಾರ. ಕಡೆಗೆ 1555ರಲ್ಲಿ ಮುತ್ತಿಗೆಗೆ ಸೋತು, ಊರು ಹಳೆಯ ವೈರಿ ಫ್ಲಾರೆನ್ಸಿನ ಕೈಗೆ ಸೇರಿತು.

ಸುರುಳಿ ಮೆಟ್ಟಿಲು ಹತ್ತಿ ಆ ಗೋಡೆಯ ತುದಿಗೆ ಬಂದೆವು. ಗಾಳಿ ಬಲವಾಗಿತ್ತು. ಕೆಳಗೆ, ದೇಗುಲದ ಒಳಾಂಗಣ ಆಗಬೇಕಿದ್ದ ಜಾಗದಲ್ಲಿ ಬರೀ ಬಯಲು. ಊರಿನ ಆಚೆ ಅಂಬ್ರೋಜಿಯೊ ಬರೆದದ್ದೇ ಗುಡ್ಡಗಳು, ಅದೇ ಮಣ್ಣುಬಣ್ಣ, ಉತ್ತಿಟ್ಟ ಹೊಲ.

ಭಾವ ಟೋಪಿಯನ್ನು ಗಟ್ಟಿಯಾಗಿ ಒತ್ತಿ ಹಿಡಿದುಕೊಂಡು, ಕಲ್ಲಿನ ಅಂಚನ್ನು ಬೆರಳಿನಿಂದ ತಟ್ಟಿ ನೋಡಿದರು.

"ಅಲ್ಲ ಮಾರಾಯ, ಈ ಕಾಮಗಾರಿಯ ಖರ್ಚನ್ನ ಆ ಸನ್ಯಾಸಿಗಳು ಯಾವ ಖಾತೆಗೆ ಬರೆದು ಮುಗಿಸಿದರು?"