ತೇಲಿ ಬಂದ ಮೀನು

ಬೇಸಿಗೆಯ ಒಂದು ಮುಂಜಾನೆ. ಸದಲಗಾದ ಹುಡುಗನೊಬ್ಬ ಎಮ್ಮೆಯ ಮೈ ತೊಳೆಯಲೆಂದು ದೂಧಗಂಗಾ ನದಿಗೆ ಹೋದವನು ದಂಡೆಯಲ್ಲೇ ನಿಂತುಬಿಟ್ಟ. ಬಿಳಿ ಹೊಟ್ಟೆ ಮೇಲಾಗಿ ಮೀನುಗಳು ತೇಲುತ್ತಿದ್ದವು. ಕೆಲವು ಇನ್ನೂ ಬಾಯಿ ಬಡಿಯುತ್ತಿದ್ದವು. ಟವೆಲ್ಲಿನ ತುಂಬ ಕಟ್ಟಿಕೊಂಡು ಮನೆಗೆ ಓಡಿದ.

"ಅಜ್ಜಾ, ಬಲಿ ಇಲ್ದ ಇಷ್ಟ ಮೀನ ಸಿಕ್ಕಾವು!"

ಜೀವಮಾನವಿಡೀ ಬಲೆ ಬೀಸಿದ ಅಜ್ಜ ಮೀನಿನ ಕಿವಿರು ಎತ್ತಿ ನೋಡಿದ. "ಬ್ಯಾಡೋ ತಮ್ಮಾ. ನಾವು ಹಿಡದ ಮೀನ ಬ್ಯಾರೆ, ತಾನ ಸತ್ತ ಬಂದದ್ದ ಬ್ಯಾರೆ. ದೂರ ಒಯ್ದು ಹುಗದ ಬಾ."

ಆ ದಿನ ಊಟಕ್ಕೆ ರೊಟ್ಟಿ, ಶೇಂಗಾ ಚಟ್ನಿಯೇ ಆಯಿತು. ಹುಡುಗನಿಗೆ ಸಿಟ್ಟು. ಆದರೆ ಅಜ್ಜನ ಮಾತಿನಲ್ಲಿ ವಿಜ್ಞಾನವಿತ್ತು.

ಮೀನೂ ನಮ್ಮಂತೆಯೇ ಆಮ್ಲಜನಕದಿಂದ ಬದುಕುವ ಜೀವಿ. 30 ಡಿಗ್ರಿ ಸೆಲ್ಸಿಯಸ್ ಉಷ್ಣತೆಯ ಶುದ್ಧ ನೀರು ಲೀಟರಿಗೆ ಸುಮಾರು 7.5 ಮಿಲಿಗ್ರಾಂ ಆಮ್ಲಜನಕವನ್ನಷ್ಟೇ ಹಿಡಿದಿಡಬಲ್ಲದು. ಮೀನುಗಾರಿಕೆಗೆ ಕನಿಷ್ಠ 4 ಮಿಲಿಗ್ರಾಂ ಇರಬೇಕೆಂಬುದು ನಮ್ಮ ದೇಶದ ಮಾನದಂಡ. ಕಾಕಂಬಿಯಿಂದ ಮದ್ಯಸಾರ ತೆಗೆದ ಬಳಿಕ ಉಳಿಯುವ ಕಂದು ನೀರು ಕೊಳೆಯಲು ಲೀಟರಿಗೆ ಸುಮಾರು 40 ಸಾವಿರ ಮಿಲಿಗ್ರಾಂ ಆಮ್ಲಜನಕ ಬೇಡುತ್ತದೆ. ಲೆಕ್ಕ ಹಾಕಿ ನೋಡಿ: ಅದರ ಒಂದೇ ಲೀಟರು 5 ಸಾವಿರ ಲೀಟರ್ ಹೊಳೆ ನೀರಿನ ಉಸಿರನ್ನು ಕಸಿಯಬಲ್ಲದು! ಬಾಂದಾರದ ಹಿಂದೆ ನೀರು ನಿಂತಿರುವ ಬೇಸಿಗೆಯಲ್ಲಂತೂ ಕೇಳುವುದೇ ಬೇಡ.

ಅಮೋನಿಯಾ, ತಾಮ್ರ, ಸತುವಿನ ಲವಣಗಳ ದಾರಿ ಬೇರೆ. ಅವು ಕಿವಿರಿನ ತೆಳು ಪೊರೆಯನ್ನೇ ಕೆಡಿಸುತ್ತವೆ. ನೀರಿನಲ್ಲಿ ಆಮ್ಲಜನಕವಿದ್ದರೂ ಮೀನು ಉಸಿರುಗಟ್ಟುತ್ತದೆ. ಇನ್ನು ಪಾದರಸ ಮೀನನ್ನು ಕೂಡಲೇ ಕೊಲ್ಲದೆ ಅದರ ಮಾಂಸದಲ್ಲಿ ಸೇರಿಕೊಳ್ಳುತ್ತದೆ. ಎಷ್ಟು ಬೇಯಿಸಿದರೂ ಅದು ಹೋಗದು. ಜಪಾನಿನ ಮಿನಮಾಟಾದಲ್ಲಿ ಅಂಥ ಮೀನು ತಿಂದವರ ನರರೋಗ 1956ರಲ್ಲಿ ಬೆಳಕಿಗೆ ಬಂತು.

ನೆರೆಯ ಪಂಚಗಂಗಾ ನದಿಯಲ್ಲಿ, ಇಚಲಕರಂಜಿಯ ಕೆಳಗಿನ ತೇರವಾಡ ಬಾಂದಾರದ ಬಳಿ, ರಾಶಿರಾಶಿ ಮೀನು ಸತ್ತದ್ದು ಒಂದೆರಡು ಸಲವಲ್ಲ. ಆ ನದಿಯೂ ದೂಧಗಂಗೆಯೂ ಕೊನೆಗೆ ಸೇರುವುದು ಒಂದೇ ಕೃಷ್ಣೆಯನ್ನು. ನೀರಿಗೆ ರಾಜ್ಯದ ಗಡಿ ತಿಳಿಯದು.

ಜಲಮಾಲಿನ್ಯ ತಡೆ ಕಾನೂನು 1974ರಿಂದಲೇ ಇದೆ. ಸತ್ತ ಮೀನು ಕಂಡರೆ ತಿನ್ನಬಾರದು, ದನಗಳಿಗೆ ಆ ನೀರು ಕುಡಿಸಬಾರದು. ಮಾಲಿನ್ಯ ನಿಯಂತ್ರಣ ಮಂಡಳಿಗೆ ಅಂದೇ ತಿಳಿಸಬೇಕು. ತಡಮಾಡಿದರೆ ಸಾಕ್ಷಿ ಹೇಳಬೇಕಾದ ನೀರೇ ಹರಿದುಹೋಗಿರುತ್ತದೆ.

ಮೀನು ಹುಗಿದು ಬಂದ ಹುಡುಗ ಕೇಳಿದ: "ಅಜ್ಜಾ, ಊರ ನಳದಾಗ ಬರೂದು ಇದ ನೀರಲ್ಲ?"

ಅಜ್ಜ ಸುಮ್ಮನೆ ಹೊಳೆಯ ಕಡೆ ನೋಡಿದ.